ಅಂಗೈಯಲ್ಲಿ ‘ಗರ್ಮ್ ಹವಾ’

‘ಗರ್ಮ್ ಹವಾ’ ಚಿತ್ರ ಸಿದ್ಧವಾದಾಗ ಸೆನ್ಸಾರಿನವರು ಅದನ್ನು ತಿಂಗಳುಗಟ್ಟಲೆ ತಡೆಹಿಡಿದರು. ದೇಶವಿಭಜನೆಯ ಕತೆಯಾದರೂ ಅದರಲ್ಲಿ ಹೆಣಗಳ ರಾಶಿಯಿಲ್ಲ, ಉರಿಯುವ ರೈಲುಗಳಿಲ್ಲ. ಆಗ್ರಾದ ಒಬ್ಬ ಚಪ್ಪಲಿ ಕಾರ್ಖಾನೆಯ ಯಜಮಾನ, ಅವನ ಮುದಿ ತಾಯಿ, ಮದುವೆಗೆ ಬಂದ ಮಗಳು, ಕೆಲಸ ಸಿಗದ ಮಗ, ಕೈತಪ್ಪುವ ಒಂದು ಮನೆ. ಇಷ್ಟೇ. ಅಧಿಕಾರಿಗಳ ಅಂಜಿಕೆ ಇದ್ದದ್ದು ನೋಡುಗರ ಬಗ್ಗೆ. ಹಿಂದೂಗಳೂ ಮುಸ್ಲಿಮರೂ ಒಂದೇ ಕತ್ತಲೆಯಲ್ಲಿ ಪಕ್ಕಪಕ್ಕ ಕೂತು ಇದನ್ನು ನೋಡಿದರೆ ಹೊರಗೆ ಏನಾದೀತೋ ಎಂಬ ಅಂಜಿಕೆ.

ಅದೇ ಚಿತ್ರವನ್ನು ಈಗ ಹುಡುಗರು ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ನೋಡುತ್ತಾರೆ. ಹಳೆಯ ಚಿತ್ರಗಳೆಲ್ಲ ಅಂತರ್ಜಾಲಕ್ಕೆ ಬಂದ ಮೇಲೆ ಅವು ಎಲ್ಲರಿಗೂ ಸಿಗುವಂತಾದವು ಎಂದು ನಾವು ಸಂತೋಷಪಡುತ್ತೇವೆ. ಸಂತೋಷಪಡಬೇಕಾದದ್ದೇ. ಆದರೆ ಸಾವಿರ ಜನರ ನಡುವೆ ಕೂತು ನೋಡಲೆಂದು ಮಾಡಿದ ಚಿತ್ರವನ್ನು ಒಬ್ಬೊಬ್ಬರೇ ನೋಡುವಾಗ ಅದು ಅದೇ ಚಿತ್ರವಾಗಿ ಉಳಿಯುತ್ತದೆಯೆ?

ಮೊದಲು ಚಿತ್ರದ ಚರಿತ್ರೆ. ನಿರ್ದೇಶಕ ಎಂ.ಎಸ್. ಸತ್ಯು ಮೈಸೂರಿನವರು. ಕನ್ನಡಿಗರಿಗೆ ಅವರು ‘ಕನ್ನೇಶ್ವರ ರಾಮ’, ‘ಚಿತೆಗೂ ಚಿಂತೆ’, ಅನಂತಮೂರ್ತಿಯವರ ಕತೆಯ ‘ಬರ’ಗಳಿಂದ ಪರಿಚಿತರು. ಅವೆಲ್ಲಕ್ಕೂ ಮುಂಚೆ ಬಂದದ್ದು ಇದು. ಇಸ್ಮತ್ ಚುಗ್ತಾಯಿಯವರ ಅಪ್ರಕಟಿತ ಕತೆಯನ್ನು ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕತೆಯಾಗಿ ಬೆಳೆಸಿದರು. ಕೈಯಲ್ಲಿದ್ದದ್ದು ಫಿಲ್ಮ್ ಫೈನಾನ್ಸ್ ಕಾರ್ಪೊರೇಶನ್ನಿನ 2.5 ಲಕ್ಷ ರೂಪಾಯಿ ಸಾಲ. ಉಳಿದದ್ದು ಗೆಳೆಯರ ಕೈಗಡ. ಧ್ವನಿ ಮುದ್ರಿಸುವ ಉಪಕರಣಕ್ಕೂ ದುಡ್ಡಿರಲಿಲ್ಲ. ಆಗ್ರಾದಲ್ಲಿ ಚಿತ್ರೀಕರಣಕ್ಕೆ ಸ್ಥಳೀಯರ ವಿರೋಧ ಎದ್ದಾಗ ಸತ್ಯು ಒಂದು ಉಪಾಯ ಮಾಡಿದರು. ರೀಲು ತುಂಬದ ಕ್ಯಾಮೆರಾ ಕೊಟ್ಟು ಒಂದು ಸುಳ್ಳು ತಂಡವನ್ನು ಬೇರೆ ಬೀದಿಗಳಿಗೆ ಕಳಿಸಿದರು. ಗುಂಪು ಅದರ ಹಿಂದೆ ಹೋಯಿತು. ಇತ್ತ ಚಿತ್ರೀಕರಣ ನಡೆಯಿತು.

ಸಲೀಂ ಮಿರ್ಜಾ ಆಗಿ ನಟಿಸಿದ ಬಲರಾಜ್ ಸಾಹನಿ ಡಬ್ಬಿಂಗ್ ಮುಗಿಸಿದ ಮರುದಿನವೇ, 1973ರ ಏಪ್ರಿಲ್ 13ರಂದು, ತೀರಿಕೊಂಡರು. ಚಿತ್ರವನ್ನು ಅವರು ನೋಡಲಿಲ್ಲ.

ಸತ್ಯು ಅದನ್ನು ರಾಜಕಾರಣಿಗಳಿಗೆ, ಪತ್ರಕರ್ತರಿಗೆ ತೋರಿಸಿ ತೋರಿಸಿ ಕೊನೆಗೆ ಅನುಮತಿ ಪಡೆದರು. 1974ರಲ್ಲಿ ಅದು ಮೊದಲು ಸಾರ್ವಜನಿಕರೆದುರು ಬಂದದ್ದು ನಮ್ಮ ಬೆಂಗಳೂರಿನಲ್ಲಿ, ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಮುಂಬಯಿಯ ರೀಗಲ್‌ನಲ್ಲಿ ಪ್ರದರ್ಶಿಸಿದರೆ ಟಾಕೀಸಿಗೆ ಬೆಂಕಿ ಇಡುವುದಾಗಿ ಬಾಳ ಠಾಕ್ರೆ ಬೆದರಿಸಿದ್ದರು. ಬೆಂಗಳೂರಿನ ಜನ ಟಿಕೆಟ್ ಕೊಂಡರು, ನೋಡಿದರು, ಮನೆಗೆ ಹೋದರು. ಇಲ್ಲಿನ ಸ್ವಾಗತ ನೋಡಿಯೇ ದೇಶದ ಉಳಿದ ಕಡೆ ಬಿಡುಗಡೆಯ ದಾರಿ ತೆರೆಯಿತು. ನಮ್ಮ ರಾಜಧಾನಿಯ ಚರಿತ್ರೆ ಬರೆಯುವವರು ಕಟ್ಟಡ, ಕಂಪನಿಗಳ ಲೆಕ್ಕ ಕೊಡುತ್ತಾರೆ. ಹೀಗೆ ಸುಮ್ಮನೆ ಕೂತು ನೋಡಿ ಎದ್ದುಹೋದ ಪ್ರೇಕ್ಷಕರಿಗೆ ಅದರಲ್ಲಿ ಒಂದು ಸಾಲೂ ಇಲ್ಲ.

ಆಮೇಲೆ ಚಿತ್ರ ನೋಡಲು ಸಿಗುವುದೇ ಅಪರೂಪವಾಯಿತು. ಫಿಲ್ಮ್ ಸೊಸೈಟಿಯವರು ನೋಡಿದರು, ಪುಸ್ತಕಗಳಲ್ಲಿ ಹೆಸರು ಉಳಿಯಿತು. ಬಣ್ಣ ಮಾಸಿದ ಪ್ರತಿಗಳನ್ನು ದುರಸ್ತಿ ಮಾಡಿ 2014ರ ನವೆಂಬರಿನಲ್ಲಿ ಮತ್ತೆ ಬಿಡುಗಡೆ ಮಾಡಿದರು. ಆದರೆ ಹೆಚ್ಚಿನವರು ಅದನ್ನು ಕಂಡದ್ದು ಟಾಕೀಸಿನಲ್ಲಲ್ಲ, ಕಂಪ್ಯೂಟರಿನಲ್ಲಿ ಮತ್ತು ಮೊಬೈಲಿನಲ್ಲಿ.

ಇದರಿಂದ ಆದ ದೊಡ್ಡ ಲಾಭ ಹೆಂಗಸರಿಗೆ. ನಮ್ಮ ಎಷ್ಟೋ ಮನೆಗಳಲ್ಲಿ ಟಾಕೀಸಿಗೆ ಹೋಗುವುದು ಗಂಡಸರ ಪಾಲಿನ ಕದ್ದ ಸುಖವಾಗಿತ್ತು. ಹೆಂಗಸರ ಪಾಲಿಗೆ ರೇಡಿಯೋದ ಹಾಡುಗಳಷ್ಟೇ. ಈಗ ಅಡುಗೆಮನೆಯ ಕಟ್ಟೆಯ ಮೇಲೆ ಮೊಬೈಲು ಒರಗಿಸಿಟ್ಟು ಅವರು ‘ಪಾಕೀಜಾ’ ನೋಡುತ್ತಾರೆ, ‘ಮೇರೆ ಮೆಹಬೂಬ್’ ನೋಡುತ್ತಾರೆ. ಆ ಚಿತ್ರಗಳಲ್ಲಿನ ನವಾಬರು, ಗಜಲುಗಳು, ಝೂಮರು ದೀಪಗಳು ಅವರಿಗೆ ಇಷ್ಟ. ‘ನಮ್ಮವರ ತಹಜೀಬು ಹೇಗಿತ್ತು ನೋಡು’ ಎನ್ನುತ್ತಾರೆ. ಬೀಡಿ ಕಟ್ಟಿ, ಗುಜರಿ ಹೊತ್ತು ಬದುಕಿದವರ ಮಕ್ಕಳು ನಾವು. ಆ ತಹಜೀಬು ನಮ್ಮದಾಗಿದ್ದದ್ದು ಯಾವಾಗ ಎಂದು ಕೇಳಿದರೆ ನಗುತ್ತಾರೆ.

‘ಗರ್ಮ್ ಹವಾ’ ನೋಡುವಾಗ ಅವರು ಹಾಗೆ ನಗಲಿಲ್ಲ. ನಮ್ಮ ಖಾಲಾ ಒಬ್ಬರು ಅದನ್ನು ಮೂರು ದಿನ ನೋಡಿದರು. ಮನೆ ಬಿಡಲೊಲ್ಲದ ಅಜ್ಜಿ ಸೌದೆಯ ಮರೆಯಲ್ಲಿ ಅಡಗಿಕೊಳ್ಳುವ ದೃಶ್ಯ ಬಂದಾಗ ನಿಲ್ಲಿಸುವುದು, ಹಿಂದಕ್ಕೆ ಎಳೆಯುವುದು, ಮತ್ತೆ ನೋಡುವುದು. ಆಗ್ರಾದ ಉರ್ದು ನಮ್ಮ ದಖನಿಗೆ ದೂರವೇ. ಆದರೆ ಅಜ್ಜಿಯ ಹಟಕ್ಕೆ ಅರ್ಥ ಹೇಳುವವರು ಬೇಕಾಗಲಿಲ್ಲ. ಆ ಪಾತ್ರ ಮಾಡಿದ ಬದರ್ ಬೇಗಂ ಆಗ್ರಾದ ಕೋಠಿಯಲ್ಲಿದ್ದವರು. ಹರೆಯದಲ್ಲಿ ಸಿನಿಮಾ ಸೇರಲು ಮುಂಬಯಿಗೆ ಓಡಿಹೋಗಿ, ಸೋತು ಮರಳಿದ್ದರು. ಕಣ್ಣು ಮಂಜಾದ ಮುಪ್ಪಿನಲ್ಲಿ ಸಿನಿಮಾವೇ ಅವರ ಬಾಗಿಲಿಗೆ ಬಂತು. ದನಿ ಮಾತ್ರ ದೀನಾ ಪಾಠಕ್ ಅವರದು. ಟಾಕೀಸಿನಲ್ಲಿ ಓಡುವ ರೀಲನ್ನು ಯಾರು ಯಾರಿಗಾಗಿ ನಿಲ್ಲಿಸುತ್ತಿದ್ದರು? ಅಜ್ಜಿಯ ಮುಖವನ್ನು ಬೇಕಾದಷ್ಟು ಹೊತ್ತು ನೋಡುವ ಅಧಿಕಾರ ಖಾಲಾಗೆ ಈ ಯಂತ್ರದಿಂದ ಸಿಕ್ಕಿತು.

ಹುಡುಗರು ನಿಲ್ಲಿಸುವ ಜಾಗ ಬೇರೆ. ಸಲೀಂ ಮಿರ್ಜಾ ಬಾಡಿಗೆ ಮನೆ ಹುಡುಕುತ್ತ ಅಲೆಯುತ್ತಾರಲ್ಲ, ಅಲ್ಲಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗನೊಬ್ಬ ಆ ತುಣುಕನ್ನಷ್ಟೇ ಕತ್ತರಿಸಿ ನನಗೆ ಕಳಿಸಿದ್ದ. ಜೊತೆಗೆ ಒಂದು ಮಾತೂ ಬರೆದಿರಲಿಲ್ಲ. ಫೋನಿನಲ್ಲಿ ಮನೆ ಖಾಲಿಯಿದೆ ಎಂದವರು, ಹೆಸರು ಕೇಳಿದ ಮೇಲೆ ಊರಿಂದ ನೆಂಟರು ಬರುತ್ತಿದ್ದಾರೆ ಎಂದದ್ದನ್ನು ಅವನು ಹಿಂದೆಯೇ ಹೇಳಿದ್ದ. ಕೆಲಸಕ್ಕಾಗಿ ಅಲೆಯುವ ಸಿಕಂದರ್ ಕೂಡ ಇವರಿಗೆ ಹತ್ತಿರದವನು. ಸ್ಟೇಷನ್ನಿಗೆ ಹೊರಟ ಟಾಂಗಾದಿಂದ ಅವನು ಇಳಿದು ಮೆರವಣಿಗೆ ಸೇರುವುದು, ಹಿಂದೆಯೇ ತಂದೆಯೂ ಸೇರುವುದು ಮಾತ್ರ ಅವರಲ್ಲಿ ಕೆಲವರಿಗೆ ನಂಬಿಕೆ ಹುಟ್ಟಿಸುವುದಿಲ್ಲ. ‘ಈಗ ಅಂಥ ಮೆರವಣಿಗೆ ಎಲ್ಲಿದೆ ಸಾರ್?’ ಎಂದು ಒಬ್ಬ ಕೇಳಿದ. ಅರ್ಥವಿರುವ ಪ್ರಶ್ನೆ.

ಇಲ್ಲಿಯೇ ನನ್ನ ತಕರಾರು. ಹೀಗೆ ತುಣುಕುಗಳಾಗಿ, ತಂತಮ್ಮ ಗಾಯ ಇರುವ ಕಡೆ ಮಾತ್ರ ನಿಲ್ಲಿಸಿ ನೋಡುವವರ ಕಣ್ಣಿಗೆ ಅಜ್ಮಾನಿ ಬೀಳುವುದಿಲ್ಲ. ಹವೇಲಿ ಇದ್ದದ್ದು ಪಾಕಿಸ್ತಾನಕ್ಕೆ ಹೋದ ಅಣ್ಣನ ಹೆಸರಿನಲ್ಲಿ. ಹಾಗಾಗಿ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡು ಅಜ್ಮಾನಿಗೆ ಕೊಡುತ್ತದೆ. ಅಜ್ಮಾನಿಯೂ ಮನೆ ಬಿಟ್ಟು ಓಡಿಬಂದ ಸಿಂಧಿ. ಸಾಯುವ ಅಜ್ಜಿಯನ್ನು ಪಲ್ಲಕ್ಕಿಯಲ್ಲಿ ಆ ಮನೆಗೆ ತರುವಾಗ ಅಲ್ಲಿ ಇರುವವನು ಅವನು. ಆ ಪಾತ್ರ ಮಾಡಿದ ಎ.ಕೆ. ಹಂಗಲ್ ಸ್ವತಃ ಕರಾಚಿಯಿಂದ 1949ರಲ್ಲಿ ಮುಂಬಯಿಗೆ ಬಂದವರು. ಸಲೀಂ ಮಿರ್ಜಾ ಆದ ಬಲರಾಜ್ ಸಾಹನಿಯವರ ಕುಟುಂಬದ ಊರು ರಾವಲ್ಪಿಂಡಿ. ಅಂದರೆ, ಊರು ಬಿಡಲೊಲ್ಲದ ಮುಸಲ್ಮಾನನ ಪಾತ್ರಕ್ಕೆ ಜೀವ ಕೊಟ್ಟದ್ದು ಊರು ಕಳೆದುಕೊಂಡ ಹಿಂದೂ. ಆ ಮುಖದಲ್ಲಿ ನಾವು ಕಾಣುವ ದುಃಖ ಯಾವ ಕಡೆಯದು ಎಂದು ಬೇರ್ಪಡಿಸಲು ಬರುವುದಿಲ್ಲ.

1974ರ ಹಾಲಿನಲ್ಲಿ ಅಜ್ಮಾನಿಯನ್ನು ತಮ್ಮವನೆಂದು ನೋಡಿದವರೂ ಇದ್ದಿರಬೇಕು. ಅವರ ಪಕ್ಕದ ಕುರ್ಚಿಯಲ್ಲಿ ಸಲೀಂ ಮಿರ್ಜಾರನ್ನು ತಮ್ಮವರೆಂದು ನೋಡಿದವರು. ಮೂಗೊರೆಸುವ ಸದ್ದು ಪಕ್ಕದಿಂದ ಬಂದರೆ ಯಾವುದಕ್ಕೆ ಅಳುತ್ತಿದ್ದಾರೆ ಎಂದು ಒಮ್ಮೆಯಾದರೂ ತಿರುಗಿ ನೋಡಬೇಕಾಗುತ್ತಿತ್ತು. ಮೊಬೈಲಿನಲ್ಲಿ ಹಾಗೆ ತಿರುಗಿ ನೋಡಲು ಯಾರೂ ಇಲ್ಲ. ಅಳು ಅವರವರ ಕಿವಿಯ ವೈರಿನೊಳಗೇ ಮುಗಿಯುತ್ತದೆ. ಸರ್ಕಾರ ಅಂದು ಹೆದರಿದ್ದ ಜನಸಂದಣಿ ಈಗ ಇಲ್ಲವೇ ಇಲ್ಲ. ಇಂಥ ಚಿತ್ರಕ್ಕೆ ಈಗ ಯಾರೂ ಬೆಂಕಿಯ ಬೆದರಿಕೆ ಹಾಕದಿರುವುದಕ್ಕೆ ಅದೂ ಒಂದು ಕಾರಣವಿರಬಹುದು.

ಈ ಮಾತನ್ನು ನಾನು ಆ ಸಾಫ್ಟ್‌ವೇರ್ ಹುಡುಗನಿಗೆ ಹೇಳಿದೆ. ಅವನು ತನ್ನ ಕೋಣೆಯ ಜೊತೆಗಾರ, ಹಾಸನ ಕಡೆಯ ಗೌಡರ ಹುಡುಗನನ್ನು ಕೂರಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ಪೂರಾ ಚಿತ್ರ ನೋಡಿದನಂತೆ. ಗೌಡರ ಹುಡುಗ ಮಾತಾಡಿದ್ದು ಮಗಳು ಆಮಿನಾ ಸತ್ತ ದೃಶ್ಯದ ಬಗ್ಗೆ ಮಾತ್ರ. ಆ ತಂದೆ ಯಾಕೆ ಜೋರಾಗಿ ಅಳುವುದಿಲ್ಲ ಎಂದನಂತೆ. ಚಿತ್ರೀಕರಣಕ್ಕೆ ಕೆಲವೇ ಕಾಲದ ಹಿಂದೆ, 1972ರಲ್ಲಿ, ಸಾಹನಿಯವರು ತಮ್ಮ ಮಗಳು ಶಬನಮ್‌ಳನ್ನು ಕಳೆದುಕೊಂಡಿದ್ದರು. ಅದನ್ನು ಇಬ್ಬರೂ ಅಲ್ಲೇ ಹುಡುಕಿ ಓದಿಕೊಂಡರು. ಮನೆ ಹುಡುಕುವ ದೃಶ್ಯದಲ್ಲಿ ಇಬ್ಬರೂ ಏನೂ ಮಾತಾಡಲಿಲ್ಲವಂತೆ. ಅವರಿರುವ ಕೋಣೆಯ ಕರಾರುಪತ್ರ ಗೌಡರ ಹುಡುಗನ ಹೆಸರಿನಲ್ಲಿದೆ.

ಖಾಲಾಗೆ ಇಂಥ ಯಾವ ವಿಚಾರವೂ ಬೇಕಿರಲಿಲ್ಲ. ಮೂರನೆಯ ದಿನ ಚಿತ್ರ ಮುಗಿದ ಮೇಲೆ ಅವರು ಕೇಳಿದ್ದು ಒಂದೇ: ‘ಆ ಹವೇಲಿ ನಿಜವಾಗಿ ಯಾರದು?’ ಆಗ್ರಾದ ಪೀಪಲ್ ಮಂಡಿಯಲ್ಲಿರುವ ಮಾಥುರ್ ಎಂಬ ಹಿಂದೂ ಮನೆತನದವರದು, ಗಲಾಟೆಯ ನಡುವೆಯೂ ಚಿತ್ರತಂಡಕ್ಕೆ ಬೆಂಬಲವಾಗಿ ನಿಂತವರು ಅವರೇ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಷ್ಟೊಂದು ಮೆಟ್ಟಿಲು, ಗುಡಿಸುವವರಿಗೆ ಸಾಕುಸಾಕು’ ಎಂದು ಮೊಬೈಲನ್ನು ಚಾರ್ಜಿಗೆ ಹಾಕಲು ಎದ್ದರು.