ಭೀಮೆಯ ಬಾಗು, ರೈಲಿನ ನೇರ

ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ, ರಾಯಚೂರಿನತ್ತ ಸಾಗುವ ರೈಲುಹಾದಿಯನ್ನು ನಾವು ಊರಿಗೆ ಹೋಗುವ ಹಾದಿಯೆಂದೇ ಬಲ್ಲೆವು. ಅದು ಭೀಮಾನದಿಯ ಹಾದಿಯೂ ಹೌದೆಂಬುದು ನಮ್ಮ ಗಮನಕ್ಕೆ ಬರುವುದು ಕಡಿಮೆ. ಸಾನಪಾಡಾದಿಂದ ಠಾಣೆಗೆ ಹೋಗಿ, ಕಲ್ಯಾಣದಲ್ಲಿ ಗಾಡಿ ಹಿಡಿದು ಕರ್ಜತ್ ತಲುಪಿದಾಗ ಈಶಾನ್ಯದ ಸಹ್ಯಾದ್ರಿಯ ಮೇಲೆ ಇರುವುದು ಭೀಮಾಶಂಕರ. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದು, ಭೀಮೆಯ ಉಗಮಸ್ಥಾನ. ಅಲ್ಲಿ ಹುಟ್ಟಿದ ನದಿ ಸುಮಾರು 860 ಕಿಲೋಮೀಟರು ಹರಿದು ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಕೂಡುತ್ತದೆ. ಆ ಸಂಗಮದ ಕೆಳಗೆ ನಮ್ಮ ಗಾಡಿ ಕೃಷ್ಣೆಯ ಸೇತುವೆಯನ್ನು ದಾಟುತ್ತದೆ. ಹೀಗೆ ನದಿಗೂ ರೈಲಿಗೂ ಆದಿ ಅಂತ್ಯಗಳು ಹೆಚ್ಚುಕಡಿಮೆ ಒಂದೇ.

ಆದರೆ ನಡುವೆ ಇವೆರಡೂ ಮುಖಾಮುಖಿಯಾಗುವುದು ಅಪರೂಪ. ಭಿಗವಣದ ಆಚೆ, ಈಗ ಉಜನಿ ಜಲಾಶಯದ ಹಿನ್ನೀರು ಹರಡಿರುವಲ್ಲಿ, ರೈಲು ಒಮ್ಮೆ ಭೀಮೆಯನ್ನು ದಾಟುತ್ತದೆ. ಬಳಿಕ ನದಿಯನ್ನು ಬಲಕ್ಕೆ ಬಿಟ್ಟು ತನ್ನ ಪಾಡಿಗೆ ಓಡುತ್ತದೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯವರಿಗೆ ಬೇಕಾಗಿದ್ದುದು ಮುಂಬಯಿ ಮತ್ತು ಮದ್ರಾಸುಗಳನ್ನು ಬೆಸೆಯುವ ಹಾದಿ. 1853ರಲ್ಲಿ ಠಾಣೆಗೆ ಬಂದ ರೈಲು 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿತು. ಸಾವಿರಾರು ಕೂಲಿಕಾರರ ಪ್ರಾಣವನ್ನು ತೆಗೆದುಕೊಂಡ ಭೋರ್ ಘಾಟಿನ ಹಳಿ 1863ರಲ್ಲಿ ತೆರೆದುಕೊಂಡಿತು. 1871ರಲ್ಲಿ ಹಳಿಗಳು ನಿಜಾಮನ ಸೀಮೆಯನ್ನು ಹಾಯ್ದು ರಾಯಚೂರಿಗೆ ಬಂದು, ಆ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯನ್ನು ಸೇರಿದವು. ಹತ್ತಿ, ಅಂಚೆ, ಸೈನ್ಯ ಇವು ಆ ಹಾದಿಯ ಲೆಕ್ಕಾಚಾರದಲ್ಲಿದ್ದವು. ತೀರ್ಥಕ್ಷೇತ್ರಗಳು ಇರಲಿಲ್ಲ.

ನದಿಯ ಕ್ಷೇತ್ರಗಳಿಗೆ ಬಾಗು ಬೇಕು, ಸಂಗಮ ಬೇಕು. ಪಂಢರಪುರದಲ್ಲಿ ಅರ್ಧಚಂದ್ರದಂತೆ ಬಾಗುವುದರಿಂದಲೇ ಭೀಮೆಗೆ ಚಂದ್ರಭಾಗೆ ಎಂಬ ಹೆಸರು. ಗಾಣಗಾಪುರ ಭೀಮಾ ಅಮರಜೆಯರ ಸಂಗಮದಲ್ಲಿದೆ. ಸನ್ನತಿಯ ಚಂದ್ರಲಾಂಬೆಯೂ ಭೀಮೆಯ ದಂಡೆಯವಳೇ. ಅಲ್ಲಿನ ಕಾಳಿಕಾ ಗುಡಿಯ ಸೂರು ಕುಸಿದಾಗ ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಾಣಿಸಿತು. ರೈಲಿಗಾದರೋ ನೇರ ದಾರಿ ಬೇಕು, ನೆರೆ ಏರದ ನೆಲ ಬೇಕು. ಆದುದರಿಂದ ಕ್ಷೇತ್ರದ ಹೆಸರು ಸ್ಟೇಷನ್ನಿಗೆ ಬಂದರೂ ಕ್ಷೇತ್ರ ದೂರವೇ ಉಳಿಯಿತು. ಆ ದೂರವನ್ನು ರೈಲ್ವೆ ಒಂದೇ ಮಾತಿನಲ್ಲಿ ಒಪ್ಪಿಕೊಂಡಿದೆ: 'ರೋಡ್'. ಅಕ್ಕಲಕೋಟ ರೋಡ್, ಗಾಣಗಾಪುರ ರೋಡ್, ಇನ್ನೂ ಮುಂದೆ ತುಂಗಭದ್ರೆಯ ಬಳಿ ಮಂತ್ರಾಲಯಂ ರೋಡ್. ಗಾಣಗಾಪುರ ರೋಡಿನಲ್ಲಿ ಇಳಿದವರಿಗೆ ದತ್ತನ ಪಾದುಕೆಗಳ ದರ್ಶನಕ್ಕೆ ಇನ್ನೂ ಸುಮಾರು 20 ಕಿಲೋಮೀಟರಿನ ದಾರಿ. ಹಿಂದೆ ಎತ್ತಿನ ಗಾಡಿ, ಟಾಂಗಾ. ಇಂದು ಬಸ್ಸು, ಜೀಪು, ಟಂಟಂ.

ಪಂಢರಪುರಕ್ಕೆ ಮಾತ್ರ ರೈಲು ತಾನೇ ಹೋಯಿತು. ಇಂದಿನ ಕುರ್ಡುವಾಡಿಗೆ ಆಗ ಬಾರ್ಶಿ ರೋಡ್ ಎಂದು ಹೆಸರು. ಎವರಾರ್ಡ್ ಕ್ಯಾಲ್ತ್ರಾಪ್ ಎಂಬ ಎಂಜಿನಿಯರು 1897ರಲ್ಲಿ ಅಲ್ಲಿಂದ ಬಾರ್ಶಿಗೆ ಎರಡೂವರೆ ಅಡಿ ಅಗಲದ ಚಿಕ್ಕ ಹಳಿ ಹಾಕಿಸಿದ. 1906ರಲ್ಲಿ ಅದೇ ಹಳಿ ಪಂಢರಪುರಕ್ಕೆ, 1927ರಲ್ಲಿ ಮೀರಜಿಗೆ ಬೆಳೆಯಿತು. ಆದರೂ ಆಷಾಢದ ವಾರಕರಿ ದಿಂಡಿಗಳು ಇಂದಿಗೂ ಕಾಲ್ನಡಿಗೆಯಲ್ಲೇ ಬರುತ್ತವೆ. ರೈಲು ನಡಿಗೆಯನ್ನು ನಿಲ್ಲಿಸಲಿಲ್ಲ, ನಡೆಯಲಾರದವರನ್ನು ಕರೆತಂದಿತು. ಗಿರಣಿಯಲ್ಲಿ, ಗೋದಿಯಲ್ಲಿ ದುಡಿಯುವವನಿಗೆ ಎರಡು ದಿನದ ರಜೆಯಲ್ಲಿ ವಿಠ್ಠಲನನ್ನು ಕಂಡು ಬರುವ ಅನುಕೂಲವಾಯಿತು.

ನಮಗೆ ಈ ಇತಿಹಾಸ ಮುಖ್ಯವೆನಿಸುವುದು ಮತ್ತೊಂದು ಕಾರಣಕ್ಕೆ. ರಾಜ್ಯಗಳ ಗಡಿ ಸೊಲ್ಲಾಪುರ ಕಲಬುರಗಿಗಳ ನಡುವೆ ಬಿತ್ತು. ಭೀಮೆಯ ಭಕ್ತಿಗೆ ಆ ಗಡಿ ತಿಳಿಯದು. ಪಂಢರಪುರದ ವಿಠ್ಠಲನನ್ನು ಕನ್ನಡದವನೆಂದು ಕರೆದವರು ಮರಾಠಿಯ ಜ್ಞಾನೇಶ್ವರರೇ. ಪುರಂದರದಾಸರ ಅಂಕಿತದಲ್ಲಿ ಇರುವವನೂ ಅದೇ ವಿಠಲ. ಗಾಣಗಾಪುರದ ನರಸಿಂಹ ಸರಸ್ವತಿಗಳ ಮಹಿಮೆಯನ್ನೂ, ರಾಯಚೂರಿನ ಬಳಿ ಕೃಷ್ಣೆಯ ನಡುಗಡ್ಡೆಯಾದ ಕುರವಪುರದಲ್ಲಿ ನೆಲೆಸಿದ್ದ ಶ್ರೀಪಾದ ಶ್ರೀವಲ್ಲಭರ ಕಥೆಯನ್ನೂ ಹೇಳುವ 'ಗುರುಚರಿತ್ರೆ' ಮರಾಠಿ ಗ್ರಂಥ. ಅದನ್ನು ಬರೆದ ಸರಸ್ವತಿ ಗಂಗಾಧರನ ಮನೆಮಾತು ಕನ್ನಡವೆಂಬ ಅಭಿಪ್ರಾಯ ಪ್ರಚಲಿತವಾಗಿದೆ. ಆ ಮರಾಠಿ ಓವಿಗಳ ನಡುವೆ ಕನ್ನಡದ ಪದ್ಯಗಳೂ ಇವೆ. ದತ್ತಜಯಂತಿಯ ಸಪ್ತಾಹದಲ್ಲಿ ಮರಾಠಿ ಮನೆಗಳಲ್ಲಿ ಪಾರಾಯಣ ನಡೆಯುವಾಗ, ಕನ್ನಡ ಬಾರದವರ ನಾಲಗೆಯ ಮೇಲೆ ಆ ಪದ್ಯಗಳು ದೇವನಾಗರಿಯಲ್ಲಿ ಓದಿಸಿಕೊಳ್ಳುತ್ತವೆ.

ಇಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಕನ್ನಡ ಅಜ್ಜಿಯ ಊರಿನ ಭಾಷೆಯಾಗಿ, ರಜೆಯ ಭಾಷೆಯಾಗಿ ಕಿರಿದಾಗುತ್ತಿದೆ. ನಮ್ಮ ಭಾಷೆ ಈ ನಾಡಿಗೆ ಹೊಟ್ಟೆಪಾಡಿಗಾಗಿ ಬಂದು ಇಳಿದದ್ದಷ್ಟೇ ಅಲ್ಲ, ರೈಲಿಗಿಂತ ಎಷ್ಟೋ ಮೊದಲು ಭೀಮೆಯ ದಂಡೆಗುಂಟ ಮರಾಠಿಯ ಜೊತೆ ಬಾಳಿದ್ದು ಎಂಬುದನ್ನು ಅವರಿಗೆ ಹೇಳಬೇಕಾದವರು ನಾವು. ಅದಕ್ಕೆ ದೊಡ್ಡ ಏರ್ಪಾಟು ಬೇಡ. ಊರಿಗೆ ಹೋಗುವಾಗ ಒಮ್ಮೆ ಯಾವುದಾದರೊಂದು 'ರೋಡ್' ಸ್ಟೇಷನ್ನಿನಲ್ಲಿ ಮಕ್ಕಳೊಡನೆ ಇಳಿಯೋಣ. ಅಲ್ಲಿಂದ ನದಿಯವರೆಗಿನ ದಾರಿಯಲ್ಲಿ ಎರಡೂ ಭಾಷೆಗಳು ಅವರ ಕಿವಿಗೆ ತಾವಾಗಿಯೇ ಬೀಳುತ್ತವೆ.