'ಸಮೋಸ' ಪದದ ನಿಷ್ಪತ್ತಿ

ಹಿಟ್ಟಿನ ತೆಳುಹಾಳೆಯೊಳಗೆ ಹೂರಣವಿಟ್ಟು ತ್ರಿಕೋನವಾಗಿ ಮಡಚಿ ಕರಿದ ತಿನಿಸಿಗಿರುವ 'ಸಮೋಸ' ಎಂಬ ಹೆಸರನ್ನು, ಮುಕ್ಕೋನದ ಕೊಂಬುಗಾಯಿಯನ್ನು ಸೂಚಿಸುವ ಸಂಸ್ಕೃತದ 'ಶೃಂಗಾಟಕ'ದೊಡನೆ ಜೋಡಿಸುವುದು ಆಕರ್ಷಕವಾಗಿ ತೋರಬಹುದಾದರೂ ಧ್ವನಿನಿಯಮಗಳು ಅದಕ್ಕೆ ಎಡೆಗೊಡುವುದಿಲ್ಲ. ಶೃಂಗಾಟಕವು ಹಿಂದಿಯಲ್ಲಿ 'ಸಿಂಘಾಡಾ' ಆಗಿ ಕಾಯಿಯ ಹೆಸರಾಗಿ ಉಳಿದಿದೆ. ಬಂಗಾಳಿಯಲ್ಲಾದರೋ ಅದೇ ಪದದ 'ಸಿಂಗಾಡಾ' ಎಂಬ ರೂಪ ಆಕಾರಸಾಮ್ಯದಿಂದ ತಿನಿಸಿಗೂ ಸಂದಿದೆ.

'ಸಮೋಸ'ದ ಮೂಲ ಪಾರಸಿ ಭಾಷೆಯ 'ಸನ್‌ಬೋಸಗ್'. ಇದಕ್ಕೆ ಗಟ್ಟಿಯಾದ ಸಾಕ್ಷ್ಯ ದೊರೆಯುವುದು ಪಾರಸಿಗಿಂತ ಹೆಚ್ಚಾಗಿ ಅರಬ್ಬಿಯಲ್ಲಿ. 10ನೆಯ ಶತಮಾನದಲ್ಲಿ ಇಬ್ನ್ ಸಯ್ಯಾರ್ ಅಲ್-ವರ್ರಾಕ್ ಬಾಗ್ದಾದಿನಲ್ಲಿ ರಚಿಸಿದ ಪಾಕಗ್ರಂಥದಲ್ಲಿ ಈ ತಿನಿಸು 'ಸನ್‌ಬೂಸಜ್' ಎಂದಿದೆ. ಮಧ್ಯಕಾಲೀನ ಪಾರಸಿಯ ಅನೇಕ ನಾಮಪದಗಳ ಕೊನೆಯಲ್ಲಿದ್ದ 'ಅಗ್' ಮುಂದೆ ಸವೆದು ಬರಿಯ ಸ್ವರವಾಯಿತಾದರೂ, ಅದು ಸವೆಯುವ ಮೊದಲಿನ ರೂಪಗಳನ್ನು ಎರವಲು ಪಡೆದ ಅರಬ್ಬಿಯು ಗಕಾರವನ್ನು ಜಕಾರವಾಗಿಸಿ ಉಳಿಸಿಕೊಂಡಿತು. 'ಪಾಲೂದಗ್' ಅರಬ್ಬಿಯಲ್ಲಿ 'ಫಾಲೂದಜ್' ಆದದ್ದೂ ಹೀಗೆಯೇ. ಬೇಸಿಗೆಯಲ್ಲಿ ನಮ್ಮ ಅಂಗಡಿಗಳಲ್ಲಿ ಸಿಗುವ ಫಾಲೂದ ಆ ಮನೆತನದ್ದೇ. ಬಕಾರದ ಹಿಂದಿನ ನಕಾರ ಮಕಾರವಾಗಿ 'ಸಂಬೋಸ' ಎಂಬ ಉಚ್ಚಾರಣೆ ಹುಟ್ಟಿತು; ಭಾರತದಲ್ಲಿ ಬಕಾರವೂ ಬಿದ್ದು 'ಸಮೋಸ' ಉಳಿಯಿತು. ಬಕಾರವಿಲ್ಲದ ಪೋರ್ಚುಗೀಸ್ 'ಶಮೂಸ' ಭಾರತದಿಂದ ಹೋದದ್ದು; ಪೂರ್ವ ಆಫ್ರಿಕದ ಸ್ವಾಹಿಲಿಯ 'ಸಂಬೂಸ' ಬಕಾರವನ್ನು ಬಿಟ್ಟುಕೊಟ್ಟಿಲ್ಲ.

ಅರ್ಥದ ಮಟ್ಟಿಗೆ ಹೇಳುವುದಾದರೆ, ಈ ಹೆಸರು ಅಂಟಿಕೊಂಡದ್ದು ಮಡಿಕೆಗೆ, ಒಳಗಿನ ಪದಾರ್ಥಕ್ಕಲ್ಲ. 1226ರ ಅಲ್-ಬಾಗ್ದಾದಿಯ ಪಾಕಗ್ರಂಥವು ತೆಳುರೊಟ್ಟಿಯ ಪಟ್ಟಿಗಳನ್ನು ಮಾಂಸದ ಸುತ್ತ ತ್ರಿಕೋನವಾಗಿ ಮಡಚಿ ಎಳ್ಳೆಣ್ಣೆಯಲ್ಲಿ ಕರಿಯಲು ಹೇಳುತ್ತದೆ. 14ನೆಯ ಶತಮಾನದಲ್ಲಿ ಮುಹಮ್ಮದ್ ಬಿನ್ ತುಘಲಕನ ಆಸ್ಥಾನದಲ್ಲಿದ್ದ ಇಬ್ನ್ ಬತೂತ ಕೊಚ್ಚಿದ ಮಾಂಸ, ಬಾದಾಮಿ, ಪಿಸ್ತಾ, ಈರುಳ್ಳಿ ತುಂಬಿದ 'ಸಮೂಸಕ್' ಅನ್ನು ವರ್ಣಿಸಿದ್ದಾನೆ. ಹೂರಣಕ್ಕೆ ಆಲೂಗಡ್ಡೆ ಬಂದದ್ದು ಅಮೆರಿಕ ಖಂಡದ ಈ ಗೆಡ್ಡೆ ಭಾರತದಲ್ಲಿ ಬೇರೂರಿದ ಮೇಲೆ. ಇನ್ನೂ ಕುತೂಹಲಕರವಾದದ್ದು ಅಕ್ಬರನ ಆಡಳಿತವನ್ನು ವಿವರಿಸುವ 'ಐನ್-ಇ-ಅಕ್ಬರಿ'ಯ ಉಲ್ಲೇಖ: 'ಕುತಾಬ್' ಎಂಬ ಖಾದ್ಯವನ್ನು ಹೇಳುತ್ತ ಗ್ರಂಥಕರ್ತ ಅಬುಲ್ ಫಜಲ್, ಹಿಂದ್‌ನ ಜನ ಅದನ್ನು 'ಸನ್‌ಬೂಸ' ಎನ್ನುತ್ತಾರೆಂದು ಬರೆದಿದ್ದಾನೆ. ಪಾರಸಿಯ ಪದವೇ ಪಾರಸಿಯಲ್ಲಿ ಬರೆಯುವ ಲೇಖಕನಿಗೆ ದೇಶೀಯವಾಗಿ ಕಾಣುವಷ್ಟು 16ನೆಯ ಶತಮಾನದ ಕೊನೆಗೆ ಅದು ಇಲ್ಲಿ ಬೇರುಬಿಟ್ಟಿತ್ತು.

ಕನ್ನಡಕ್ಕೆ ಹೂರಣದ ತಿನಿಸು ಹೊಸದಲ್ಲ. 'ಹೂರಣ'ವು ಸಂಸ್ಕೃತದ 'ಪೂರಣ', ಅಂದರೆ ತುಂಬುವಿಕೆ. ಪಕಾರ ಹಕಾರವಾಗುವ ಕನ್ನಡದ ಧ್ವನಿಪಲ್ಲಟಕ್ಕೆ ಒಳಗಾದ ಹಳೆಯ ತದ್ಭವ. 'ಸಮೋಸ'ದಲ್ಲಿ ಅಂಥ ಯಾವ ಕನ್ನಡದ ಗುರುತೂ ಇಲ್ಲ; ಅದು ಬಕಾರ ಕಳೆದುಕೊಂಡ ಉತ್ತರದ ರೂಪದಲ್ಲಿಯೇ ಇಲ್ಲಿಗೆ ಬಂದ ಅನ್ಯದೇಶ್ಯ. ಆದ್ದರಿಂದ ಕನ್ನಡ ನಿಘಂಟುಗಳು ಇದಕ್ಕೆ 'ಪಾರಸಿ, ಹಿಂದಿಯ ಮೂಲಕ' ಎಂದು ಸೂಚಿಸುವುದೇ ಸರಿ.