ಯುದ್ಧವಿಮಾನದ ಎಂಜಿನ್ ಯಾರದು?

ಯುದ್ಧವಿಮಾನವೊಂದು ನಕ್ಷೆಯಿಂದ ಎದ್ದು ಸ್ಕ್ವಾಡ್ರನ್ ಸೇರಲು ಇಪ್ಪತ್ತು ವರ್ಷ ಹಿಡಿಯುವುದು ಈಗ ಮಾಮೂಲು. ಇಷ್ಟು ದೀರ್ಘ ಕೆಲಸದ ಖರ್ಚನ್ನು ಒಂದೇ ಖಜಾನೆ ಹೊರಲಾರದೆಂದು ಯುರೋಪಿನ ಹಲವು ದೇಶಗಳು 1960ರ ದಶಕದಿಂದಲೇ ಕೈಜೋಡಿಸಿದವು. ಫ್ರಾನ್ಸ್ ಮತ್ತು ಸ್ವೀಡನ್ ಬಹುಮಟ್ಟಿಗೆ ತಮ್ಮ ದಾರಿ ತಾವು ನೋಡಿಕೊಂಡವು. ಬೆಂಗಳೂರು ಈ ಎರಡೂ ದಾರಿಗಳನ್ನು ತುಳಿದ ಊರು. ಅಲ್ಲಿನ ಅನುಭವವನ್ನು ಯುರೋಪಿನದರ ಪಕ್ಕಕ್ಕಿಟ್ಟರೆ, ಸ್ವಾವಲಂಬನೆಯ ಪ್ರಶ್ನೆ ಇತ್ಯರ್ಥವಾಗುವುದು ವಿಮಾನದ ಒಡಲಲ್ಲಿ ಅಲ್ಲ, ಎಂಜಿನ್‌ನಲ್ಲಿ ಎಂಬುದು ಮತ್ತೆ ಮತ್ತೆ ಕಾಣುತ್ತದೆ.

ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ 1956ರಲ್ಲಿ ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬಂದರು. ಅವರ ತಂಡ ರೂಪಿಸಿದ ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಹಾರಿತು. ಶಬ್ದದ ಎರಡು ಪಟ್ಟು ವೇಗ ಅದರ ಗುರಿ. ಅದಕ್ಕೆ ಬೇಕಿದ್ದ, ಆಫ್ಟರ್‌ಬರ್ನರ್ (ಹೊರಬೀಳುವ ಅನಿಲದಲ್ಲಿ ಮತ್ತೆ ಇಂಧನ ಉರಿಸಿ ಬಲ ಹೆಚ್ಚಿಸುವ ಭಾಗ) ಉಳ್ಳ ಆರ್ಫಿಯಸ್ 12 ಎಂಜಿನ್ ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯದು. ಬ್ರಿಟನ್ ಆ ಎಂಜಿನ್‌ನಲ್ಲಿ ಆಸಕ್ತಿ ಕಳೆದುಕೊಂಡಿತು, ಅದನ್ನು ಪೂರ್ತಿಗೊಳಿಸುವ ಖರ್ಚು ಹೊರಲು ಭಾರತ ಒಪ್ಪಲಿಲ್ಲ. ಈಜಿಪ್ಟ್ ತಯಾರಿಸುತ್ತಿದ್ದ ಇ-300 ಎಂಜಿನ್ ಕೂಡಿಸಿ ಒಂದು ಮಾರುತ್ ವಿಮಾನವನ್ನು ಅಲ್ಲಿ 1967ರಲ್ಲಿ ಹಾರಿಸಿ ನೋಡಿದ್ದೂ ಆಯಿತು. ಎರಡೇ ವರ್ಷಗಳಲ್ಲಿ ಈಜಿಪ್ಟ್ ತನ್ನ ಯೋಜನೆಯನ್ನು ಮುಚ್ಚಿತು. ಕಡೆಗೆ ಮಾರುತ್ ತನ್ನ ಆಯುಷ್ಯವನ್ನೆಲ್ಲ ಆಫ್ಟರ್‌ಬರ್ನರ್ ಇಲ್ಲದ ಆರ್ಫಿಯಸ್ 703 ಎಂಜಿನ್‌ಗಳಲ್ಲೇ ಕಳೆಯಿತು. 1971ರ ಯುದ್ಧದಲ್ಲಿ ನೆಲದ ಗುರಿಗಳ ಮೇಲೆ ದಾಳಿ ಮಾಡಿ ಹೆಸರು ಗಳಿಸಿದ ಈ ವಿಮಾನವನ್ನು ವಿಫಲ ಎನ್ನುವುದು ಅನ್ಯಾಯ. ಒಟ್ಟು 147 ತಯಾರಾದವು.

ಅದೇ ಹೊತ್ತಿನಲ್ಲಿ ಯುರೋಪ್ ಪಾಲುದಾರಿಕೆಯನ್ನು ಕಲಿಯುತ್ತಿತ್ತು. ಬ್ರಿಟನ್ ಮತ್ತು ಫ್ರಾನ್ಸ್ 1965ರಲ್ಲಿ ಜಾಗ್ವಾರ್‌ಗೆ ಒಪ್ಪಂದ ಮಾಡಿಕೊಂಡವು. ಜೊತೆಗೆ ಕಟ್ಟಬೇಕೆಂದಿದ್ದ ಇನ್ನೊಂದು ವಿಮಾನದಿಂದ, ರೆಕ್ಕೆಯ ಕೋನ ಬದಲಿಸಬಲ್ಲ ಮಾದರಿಯಿಂದ, ಫ್ರಾನ್ಸ್ 1967ರಲ್ಲೇ ಹೊರಬಂತು. ಬ್ರಿಟನ್ ಆಮೇಲೆ ಪಶ್ಚಿಮ ಜರ್ಮನಿ ಮತ್ತು ಇಟಲಿಯೊಡನೆ ಸೇರಿ ಟೊರ್ನಾಡೊ ಕಟ್ಟಿತು. ಭಾರತ 1978ರಲ್ಲಿ ಜಾಗ್ವಾರ್ ಆರಿಸಿಕೊಂಡದ್ದರ ಹಿಂದೆ ಒಂದು ಸ್ವಾರಸ್ಯವಿದೆ. ಸ್ಪರ್ಧೆಯಲ್ಲಿ ಸ್ವೀಡನ್ನಿನ ವಿಗ್ಗೆನ್ ಕೂಡ ಇತ್ತು. ವಿಮಾನ ಸ್ವೀಡನ್ನಿನದೇ ಆದರೂ ಎಂಜಿನ್‌ನ ಮೂಲ ಅಮೆರಿಕದ್ದು, ಹಾಗಾಗಿ ಮಾರಾಟಕ್ಕೆ ವಾಷಿಂಗ್ಟನ್ ಅಡ್ಡಗಾಲು ಹಾಕಿತು. ಜಾಗ್ವಾರ್ ಮತ್ತು ಅದರ ಅಡೋರ್ ಎಂಜಿನ್ ಎರಡೂ ಲೈಸೆನ್ಸ್ ಮೇಲೆ ಬೆಂಗಳೂರಿನಲ್ಲಿ ತಯಾರಾದವು. ಹುಟ್ಟಿಸಿದ ಎರಡೂ ದೇಶಗಳು ಕೈಬಿಟ್ಟ ಬಳಿಕವೂ ಅದು ಭಾರತದಲ್ಲಿ ಹಾರಾಡುತ್ತಿದೆ.

ಯುರೋಪಿನ ದೊಡ್ಡ ಒಡಕು ಕಂಡದ್ದು 1985ರಲ್ಲಿ. ಐದು ದೇಶಗಳು ಸೇರಿ ಒಂದೇ ಫೈಟರ್ ಮಾಡುವ ಮಾತು ನಡೆದಿತ್ತು. ಫ್ರಾನ್ಸ್‌ಗೆ ವಿಮಾನವಾಹಕ ನೌಕೆಯಿಂದ ಏರಬಲ್ಲ ಹಗುರ ವಿಮಾನ ಬೇಕಿತ್ತು, ವಿನ್ಯಾಸದ ನಾಯಕತ್ವವೂ ಬೇಕಿತ್ತು. ಅದು ಸಿಗದೆ ಹೊರನಡೆದು ರಫೇಲ್ ಕಟ್ಟಿತು. ಬ್ರಿಟನ್, ಜರ್ಮನಿ, ಇಟಲಿ, ಸ್ಪೇನ್ ಕೂಡಿ ಕಟ್ಟಿದ ಯುರೋಫೈಟರ್ 1994ರಲ್ಲಿ ಹಾರಿತು. ರಫೇಲ್‌ನ ಮೊದಲ ಮಾದರಿ 1986ರಲ್ಲೇ ಹಾರಿತ್ತು, ಅದೂ ಅಮೆರಿಕದ ಎಫ್-404 ಎಂಜಿನ್‌ನ ಬಲದಿಂದ! ಆದರೆ ಫ್ರಾನ್ಸ್ ಅಲ್ಲಿಗೇ ನಿಲ್ಲದೆ ತನ್ನದೇ ಎಂ-88 ಎಂಜಿನ್ ಬೆಳೆಸಿತು. ಹಾಗಾಗಿ ರಫೇಲ್ ಮಾರಲು ಪ್ಯಾರಿಸ್ ಒಪ್ಪಿದರೆ ಸಾಕು. ಸೌದಿ ಅರೇಬಿಯಾಗೆ ಇನ್ನಷ್ಟು ಯುರೋಫೈಟರ್ ಮಾರಲು ಬ್ರಿಟನ್ ಬಯಸಿದಾಗ 2024ರ ಆರಂಭದವರೆಗೆ ಜರ್ಮನಿಯ ತಡೆಯಿತ್ತು. ಬಂಡವಾಳ ಹಂಚಿಕೊಂಡವರು ಬೇಡವೆನ್ನುವ ಹಕ್ಕನ್ನೂ ಹಂಚಿಕೊಂಡಿರುತ್ತಾರೆ.

ಭಾರತದ ಲಘು ಯುದ್ಧವಿಮಾನ ಯೋಜನೆಗೆ 1983ರಲ್ಲಿ ಮಂಜೂರಾತಿ ಸಿಕ್ಕಿತು, ಮರುವರ್ಷ ಅದನ್ನು ನಡೆಸಲು ಬೆಂಗಳೂರಿನಲ್ಲಿ ಎಡಿಎ ಸಂಸ್ಥೆ ಸ್ಥಾಪನೆಯಾಯಿತು. ವಿನ್ಯಾಸದ ಆರಂಭದಲ್ಲಿ ಫ್ರಾನ್ಸಿನ ಡಾಸೊ ಕಂಪನಿಯ ಸಲಹೆ ಪಡೆಯಲಾಯಿತು. 1998ರ ಪೋಖ್ರಾನ್ ಅಣ್ವಸ್ತ್ರ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿದ್ದರಿಂದ, ಹಾರಾಟ ನಿಯಂತ್ರಣ ವ್ಯವಸ್ಥೆಗೆ ಕೊಡುತ್ತಿದ್ದ ನೆರವು ನಿಂತಿತು. ಎಂಜಿನಿಯರ್‌ಗಳು ಉಳಿದ ಕೆಲಸವನ್ನು ಬೆಂಗಳೂರಿನಲ್ಲೇ ಮುಗಿಸಿದರು, ಮುಂದೆ ತೇಜಸ್ ಎಂದು ಹೆಸರಾದ ವಿಮಾನ 2001ರ ಜನವರಿ 4ರಂದು ಹಾರಿತು. ಇದು ಕಡಿಮೆ ಸಾಧನೆಯಲ್ಲ.

ಎಂಜಿನ್‌ನ ಕಥೆ ಬೇರೆ. ಜಿಟಿಆರ್‌ಇ ಪ್ರಯೋಗಾಲಯಕ್ಕೆ 1989ರಲ್ಲಿ ವಹಿಸಿದ ಕಾವೇರಿ ಎಂಜಿನ್ ತೂಕದಲ್ಲಿ ಮಿತಿ ಮೀರಿತು, ಬಲದಲ್ಲಿ ಗುರಿ ಮುಟ್ಟಲಿಲ್ಲ. ಟರ್ಬೈನ್ ಬ್ಲೇಡ್ ತಾಳಬೇಕಾದ ಬಿಸಿ ಸಾಧಾರಣ ಲೋಹಕ್ಕೆ ಮೀರಿದ್ದು. ಒಂದೇ ಹರಳಾಗಿ ಎರಕ ಹೊಯ್ದ ಮಿಶ್ರಲೋಹದ ಬ್ಲೇಡ್ ಮಾಡುವ ವಿದ್ಯೆಯನ್ನು ಯಾವ ದೇಶವೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. 2008ರಲ್ಲಿ ಕಾವೇರಿಯನ್ನು ತೇಜಸ್‌ನಿಂದ ಬೇರ್ಪಡಿಸಲಾಯಿತು. ವಾಯುಪಡೆ 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಆರ್ಡರ್ ಕೊಟ್ಟಿತು. ಆದರೆ ಅವುಗಳ ಎಫ್-404 ಎಂಜಿನ್‌ಗಳಲ್ಲಿ ಮೊದಲನೆಯದು ಅಮೆರಿಕದಿಂದ ಬಂದದ್ದು 2025ರಲ್ಲಿ. ಎಂಜಿನ್ ಬರುವುದು ತಡವಾದಷ್ಟೂ ವಿಮಾನಗಳ ಹಸ್ತಾಂತರವೂ ಮುಂದಕ್ಕೆ ಹೋಯಿತು.

ಕಾವೇರಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಚಳ್ಳಕೆರೆ ತಾಲ್ಲೂಕಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ 2017ರಲ್ಲಿ ತೆರೆದ ವೈಮಾನಿಕ ಪರೀಕ್ಷಾ ನೆಲೆಯಲ್ಲಿ, 2022ರ ಜುಲೈ 1ರಂದು, ಬಾಲವಿಲ್ಲದ ರೆಕ್ಕೆಯಾಕಾರದ ಮಾನವರಹಿತ ವಿಮಾನವೊಂದು ತಾನೇ ಏರಿ ತಾನೇ ಇಳಿಯಿತು. ಮುಂದಿನ ಮಾನವರಹಿತ ಯುದ್ಧವಿಮಾನಕ್ಕೆ ಅದು ಪೂರ್ವಭಾವಿ ಪ್ರಯೋಗ. ಆಫ್ಟರ್‌ಬರ್ನರ್ ಇಲ್ಲದ ಕಾವೇರಿಯನ್ನು ಬಳಸಬೇಕೆಂಬ ಯೋಚನೆಯಿರುವುದು ಆ ಮುಂದಿನ ವಿಮಾನಕ್ಕೇ.

ಜಂಟಿ ಅಭಿವೃದ್ಧಿಯ ಕಹಿಯನ್ನೂ ಭಾರತ ಉಂಡಿದೆ. ರಷ್ಯಾದೊಡನೆ ಐದನೇ ತಲೆಮಾರಿನ ಫೈಟರ್ ಕಟ್ಟಲು 2007ರಲ್ಲಿ ಒಪ್ಪಿ, ಹಣವನ್ನೂ ಕೊಟ್ಟು, 2018ರಲ್ಲಿ ಹಿಂದೆ ಸರಿಯಿತು. ಯುರೋಪಿನಲ್ಲಿ ಫ್ರಾನ್ಸ್ ಮತ್ತು ಜರ್ಮನಿ 2017ರಲ್ಲಿ ಘೋಷಿಸಿದ, ಸ್ಪೇನ್ ನಂತರ ಸೇರಿದ ಹೊಸ ಯೋಜನೆಯಲ್ಲಿ ಡಾಸೊ ಮತ್ತು ಏರ್‌ಬಸ್ ನಡುವೆ ನಾಯಕತ್ವದ ಜಗಳ ಎದ್ದಿದೆ. ಅದು 1985ರ ಜಗಳದ ಮುಂದುವರಿಕೆಯಂತೆಯೇ ಇದೆ. ಬ್ರಿಟನ್ ಮತ್ತು ಇಟಲಿ ಜಪಾನನ್ನು ಜೊತೆಗಿಟ್ಟುಕೊಂಡು 2022ರಿಂದ ಇನ್ನೊಂದು ವಿಮಾನದ ಕೆಲಸಕ್ಕಿಳಿದಿವೆ.

ಬೆಂಗಳೂರಿನ ಮುಂದಿನ ವಿಮಾನ ಎಎಂಸಿಎ. ಅದರ ಅಭಿವೃದ್ಧಿಗೆ ಕೇಂದ್ರ ಸಂಪುಟ 2024ರ ಮಾರ್ಚ್‌ನಲ್ಲಿ ಸುಮಾರು 15,000 ಕೋಟಿ ರೂಪಾಯಿ ಮಂಜೂರು ಮಾಡಿತು. ವಿನ್ಯಾಸ ಭಾರತದ್ದೇ. ಅದರ ಮುಂದಿನ ಮಾದರಿಗೆ ಬೇಕಾದ ಎಂಜಿನ್ನನ್ನು ಫ್ರಾನ್ಸಿನ ಸಫ್ರಾನ್ ಕಂಪನಿಯೊಂದಿಗೆ ಸೇರಿ ಅಭಿವೃದ್ಧಿಪಡಿಸುವುದಾಗಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದರು. ಮೊದಲ ಮಾದರಿಗೆ ನಿಗದಿಯಾಗಿರುವುದು ಅಮೆರಿಕದ ಎಫ್-414 ಎಂಜಿನ್.